ವೃಷಭೇಂದ್ರಪ್ಪನ ಓ ಗುಂಪಿನ ರಕ್ತ

ಭೇದಿ ಹತ್ತಿದ ಕರುವಿನ ಸಗಣಿಯನ್ನು ಕೊಪ್ಪದ ಪ್ರಯೋಗಾಲಯಕ್ಕೆ ಕೊಡಲು ಹೋದ ಹಿರೇಕೊಡಿಗೆಯ ವೃಷಭೇಂದ್ರಪ್ಪ, ತನ್ನ ರಕ್ತವನ್ನೂ ಕೊಟ್ಟು ಬಂದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಪರೀಕ್ಷೆಯ ಬಗೆಯನ್ನು ಅಲ್ಲಿನ ಪಶುವೈದ್ಯೆ ರಶ್ಮಿ ವಿವರಿಸಿದ್ದರು. ಸಗಣಿಯ ತಿಳಿಯನ್ನು ರಕ್ತದ ಕಣಗಳ ಜೊತೆ ಬೆರೆಸಿ, ತಟ್ಟೆಯ ಪುಟ್ಟ ಗುಳಿಗಳಲ್ಲಿ ಇಡುತ್ತಾರೆ. ವೈರಸ್ ಇದ್ದರೆ ಕಣಗಳು ಒಂದಕ್ಕೊಂದು ಅಂಟಿ ಗುಳಿಯ ತುಂಬ ಹರಡುತ್ತವೆ. ಇಲ್ಲದಿದ್ದರೆ ತಳದಲ್ಲಿ ಅಂಗಿಯ ಗುಂಡಿಯಂತೆ ಕೂರುತ್ತವೆ. ಇದಕ್ಕೆ ಮನುಷ್ಯರ ಓ ಗುಂಪಿನ ರಕ್ತ ಬೇಕು. ಅದು ಅವತ್ತೇ ಖಾಲಿಯಾಗಿತ್ತು. ತನ್ನದು ಅದೇ ಗುಂಪು ಎಂದು ವೃಷಭೇಂದ್ರಪ್ಪ ತೋಳು ಚಾಚಿದ.

ವಾಪಸು ಬಸ್ಸಿನಿಂದ ಇಳಿಯುವಾಗ ಅವನು ಹಬ್ಬಕ್ಕೆ ಬಂದ ಹೊಸ ಅಳಿಯನಂತಿದ್ದ. ಚಾ ಅಂಗಡಿಯಲ್ಲಿ ಕೂತಿದ್ದ ಜೀಪಿನ ಶೇಷಪ್ಪನಿಗೆ ತೋಳಿನ ಹತ್ತಿ ತೋರಿಸಿ, "ಕಣ್ಣಿಗೆ ಕಾಣದ ರೋಗ ನನ್ನ ರಕ್ತಕ್ಕೆ ಕಾಣ್ತದೆ ಮಾರಾಯ," ಎಂದ.

ಮಧ್ಯಾಹ್ನದೊಳಗೆ ಅವನ ಅಂಗಳದಲ್ಲಿ ಊರವರ ದನಕರುಗಳ ಸಗಣಿಯ ಡಬ್ಬಿಗಳು ಸಾಲುಗಟ್ಟಿದವು. ರಕ್ತ ಹೆಚ್ಚಲೆಂದು ಒಬ್ಬರು ಬೀಟ್‌ರೂಟ್ ತಂದರೆ, ಇನ್ನೊಬ್ಬರು ಬಿಸಿಲಿಗೆ ಹೋಗಬೇಡವೆಂದು ಛತ್ರಿ ಹಿಡಿದರು. ಕೊಟ್ಟಿಗೆಯಲ್ಲಿ ಕರುವಿಗೆ ಉಪ್ಪು-ಸಕ್ಕರೆ ನೀರು ಕುಡಿಸುತ್ತಿದ್ದ ಹೆಂಡತಿ ನೀಲಾಂಬಿಕೆ, ಸ್ವಲ್ಪ ಕೈ ಜೋಡಿಸಿ ಎಂದು ಗಂಡನನ್ನು ಕರೆದಳು. ರಕ್ತ ಕೊಟ್ಟ ಕೈಯನ್ನು ದುಡಿಸಬಾರದು ಎಂದುಬಿಟ್ಟ ಅವನು.

ಸಂಜೆ ಫಲಿತಾಂಶ ನೋಡಲು ಶೇಷಪ್ಪನ ಜೀಪು ಹೊರಟಿತು. ಮುಂದಿನ ಸೀಟಿನಲ್ಲಿ ವೃಷಭೇಂದ್ರಪ್ಪ. ಹಿಂದೆ ಡಬ್ಬಿಗಳನ್ನು ಹಿಡಿದುಕೊಂಡು ಪಕ್ಕದ ಮನೆಯ ಕಮಲಕ್ಕ.

ಬೆಳಿಗ್ಗೆ ಇಟ್ಟಿದ್ದ ತಟ್ಟೆಯ ಎಲ್ಲ ಗುಳಿಗಳಲ್ಲೂ ಕೆಂಪು ಹರಡಿತ್ತು. ಒಂದೂ ತಪ್ಪಿಸಿಕೊಂಡಿಲ್ಲ ಎಂದು ವೃಷಭೇಂದ್ರಪ್ಪ ಮೀಸೆ ತಿರುವಿದ.

ರಶ್ಮಿ ಕೊನೆಯ ಗುಳಿಯನ್ನು ತೋರಿಸಿದರು. "ಇದಕ್ಕೆ ಸಗಣಿಯನ್ನೇ ಹಾಕಿಲ್ಲ. ಬರೀ ನಿಮ್ಮ ರಕ್ತ, ಉಪ್ಪುನೀರು. ಆದ್ರೂ ಅಂಟಿಕೊಂಡಿದೆ. ನಿಮ್ಮ ರಕ್ತಕ್ಕೆ ವೈರಸ್ಸೇ ಬೇಕು ಅಂತಿಲ್ಲ."

ಕೆಲವರ ರಕ್ತ ತಣ್ಣಗಾದರೆ ಹಾಗೆ, ಹೆದರುವುದೇನಿಲ್ಲ, ಆದರೆ ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿದರು. ವೃಷಭೇಂದ್ರಪ್ಪನ ಮೀಸೆ ಇಳಿಯಿತು.

"ನಂದೂ ಓ ಗುಂಪೇ ಅಲ್ದಾ," ಎಂದರು ಕಮಲಕ್ಕ, ತೋಳಿನ ಸೆರಗು ಸರಿಸುತ್ತ.

ರಶ್ಮಿ ಆ ರಕ್ತದಲ್ಲಿ ಹೊಸ ತಟ್ಟೆ ಇಟ್ಟು, ಊರವರ ಡಬ್ಬಿಗಳ ಸಗಣಿಯನ್ನೂ ಅದರಲ್ಲೇ ಪರೀಕ್ಷಿಸಿದರು. ಕಮಲಕ್ಕನ ರಕ್ತ ಸಗಣಿ ಹಾಕದ ಗುಳಿಯಲ್ಲಿ ಮುದ್ದಾದ ಗುಂಡಿಯಾಗಿ ಕೂತಿತು. ವೃಷಭೇಂದ್ರಪ್ಪನ ಕರುವಿನ ಗುಳಿಯಲ್ಲಿ ಮಾತ್ರ ಬಲೆಯಂತೆ ಹರಡಿತು. ರೋಗ ಸಿಕ್ಕಿತು. ಕರುವನ್ನು ಬೇರೆ ಕಟ್ಟಿ, ನೀಲಾಂಬಿಕೆಯ ಆರೈಕೆಯನ್ನೇ ಮುಂದುವರಿಸಲು ರಶ್ಮಿ ಹೇಳಿದರು.

ಜೀಪು ಊರಿಗೆ ತಿರುಗಿತು. ದಾರಿಯಲ್ಲಿ ಸಿಕ್ಕ ಪ್ರತಿ ಮನೆಯ ಮುಂದೆಯೂ ಗಾಡಿ ನಿಲ್ಲಿಸಿ, ವೃಷಭೇಂದ್ರಣ್ಣನ ಕರುವಿನ ರೋಗ ಹಿಡಿದದ್ದು ತನ್ನ ರಕ್ತ ಎಂದು ಮುಂದಿನ ಸೀಟಿನಿಂದ ಕಮಲಕ್ಕ ಸಾರಿದರು. ಹಿಂದೆ ಕೂತವನು, ಖಾಲಿ ಡಬ್ಬಿಗಳು ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.