ಮಂಜೂರಾದ ಧೂಳು

ಸದರಿ ಕಾರ್ಖಾನೆಯಲ್ಲಿ ಗಂಡಸರ ಕಣ್ಣಲ್ಲಿ ನೀರು ಬರಲು ಇರುವ ಅಧಿಕೃತ ಕಾರಣ ಒಂದೇ: ಧೂಳು. ಪ್ರಥಮ ಚಿಕಿತ್ಸೆ ಕೋಣೆಯ ರಿಜಿಸ್ಟರಿನಲ್ಲಿ ಬೇರೆ ಕಾಲಂ ಇರಲಿಲ್ಲ, ಇರಲಿ ಎಂದು ಯಾರೂ ಕೇಳಿದ್ದಿಲ್ಲ. ತಾಯಿ ತೀರಿಕೊಂಡವನು, ಮಗಳ ಮದುವೆ ಮುರಿದವನು, ಎಲ್ಲರೂ ಧೂಳು ಬಿದ್ದವರೇ. ಬೆಂಚಿನ ಮೇಲೆ ಹತ್ತು ನಿಮಿಷ ಕೂತು, ನರ್ಸಮ್ಮ ಕೊಟ್ಟ ಹತ್ತಿಯನ್ನು ಕಣ್ಣಿಗೊತ್ತಿ, ಮೀಸೆ ತೀಡಿಕೊಂಡು ಮರಳುತ್ತಿದ್ದರು.

ಲೇತ್ ಮೇಸ್ತ್ರಿ ಮಾತ್ರ ಆ ಹೊಸ್ತಿಲು ತುಳಿದವನಲ್ಲ. ಕಲ್ಲೆದೆಯವನೆಂದು ಹೆಸರು. ಹೆಂಡತಿ ಸತ್ತ ನಾಲ್ಕನೇ ದಿನವೇ ಕೆಲಸಕ್ಕೆ ಬಂದಿದ್ದ. ಎರಡು ತಿಂಗಳಲ್ಲಿ ಅನ್ನ ಗಂಟಲಲ್ಲಿ ಇಳಿಯದಾಯಿತು, ಎದೆ ಬಿಗಿಯತೊಡಗಿತು. ಇನ್ನು ಅಳದಿದ್ದರೆ ಉಳಿಯುವುದಿಲ್ಲವೆಂದು ಒಂದು ಸೋಮವಾರ ಆ ಕೋಣೆಗೆ ಹೊರಟ. ಅಷ್ಟರಲ್ಲಿ ಸುರಕ್ಷತಾ ಅಧಿಕಾರಿಗಳು ರಿಜಿಸ್ಟರ್ ಓದಿ ಹೌಹಾರಿ, ನಾಲ್ಕು ದೈತ್ಯ ಫ್ಯಾನು ಹಾಕಿಸಿ ಧೂಳನ್ನೆಲ್ಲ ಹೊರದಬ್ಬಿದ್ದರು.

“ಧೂಳು ಬಿತ್ತಮ್ಮ,” ಎಂದ ಮೇಸ್ತ್ರಿ.

“ಎಲ್ಲಿಂದ ಬೀಳುತ್ತಣ್ಣ? ಧೂಳುಮುಕ್ತ ಅಂತ ಬೋರ್ಡೇ ಹಾಕಿದಾರೆ. ಬೇರೆ ಏನಾದ್ರೂ ಕಾರಣ ಹೇಳಿ, ಬರ್ಕೋತೀನಿ.”

“ಬೇರೆ ಕಾರಣಾನಾ? ಗಂಡಸು ಕಣಮ್ಮ ನಾನು!”

ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದ. ನೋಡಿದವರಿಗೆ ಕರುಳು ಚುರುಕ್ಕೆಂದಿತು. ಆದರೆ ಅದನ್ನು ಹೇಳಿಕೊಳ್ಳುವಂತಿರಲಿಲ್ಲವಾದ್ದರಿಂದ ಮುಷ್ಕರ ಹೂಡಿದರು. ‘ಧೂಳು ನಮ್ಮ ಹಕ್ಕು’ ಎಂಬ ಘೋಷಣೆ ಗೇಟಿನ ಮುಂದೆ ನಾಲ್ಕು ದಿನ ಮೊಳಗಿತು. ಐದನೇ ದಿನ ಆಡಳಿತ ಮಂಡಳಿ ಸುತ್ತೋಲೆ ಹೊರಡಿಸಿತು:

“ಪ್ರತಿ ಪುರುಷ ಕಾರ್ಮಿಕನಿಗೆ ವಾರಕ್ಕೊಂದು ಚಿಟಿಕೆ ಜರಡಿ ಹಿಡಿದ ಧೂಳನ್ನು ಪೊಟ್ಟಣದಲ್ಲಿ ವಿತರಿಸಲಾಗುವುದು. ಆಪ್ತರು ತೀರಿಕೊಂಡಲ್ಲಿ ಎರಡು ಚಿಟಿಕೆ. ಧೂಳನ್ನು ಕಣ್ಣಿಗೆ ಹಾಕಿಕೊಳ್ಳತಕ್ಕದ್ದಲ್ಲ.”

ಮೇಸ್ತ್ರಿ ಎರಡು ಚಿಟಿಕೆಗೆ ಸಹಿ ಹಾಕಿದ. ಪೊಟ್ಟಣ ಬಿಚ್ಚಲೂ ಇಲ್ಲ; ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತವನೇ ಬಿಕ್ಕಿಬಿಕ್ಕಿ ಅತ್ತ. “ಊಟಕ್ಕೆ ಕೂತ್ರೆ ಅವಳ ತಟ್ಟೇನೂ ಇಡ್ತೀನಮ್ಮ, ಕೈ ತಾನಾಗೇ ಇಡುತ್ತೆ,” ಎಂದ. ನರ್ಸಮ್ಮ ‘ಧೂಳು, ಎರಡು ಚಿಟಿಕೆ’ ಎಂದು ಬರೆದುಕೊಂಡಳು. ಮೇಸ್ತ್ರಿಯ ಎದೆ ಹಗುರಾಯಿತು, ಹೊಟ್ಟೆ ಚುರುಗುಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ಸುರಕ್ಷತಾ ಅಧಿಕಾರಿಗಳು ಒಬ್ಬರೇ, ಒದ್ದೆ ಕಣ್ಣಿನಲ್ಲಿ ಕಾಣಿಸಿಕೊಂಡರು. ಸುತ್ತೋಲೆಯಲ್ಲಿ ಅಧಿಕಾರಿಗಳಿಗೆ ಧೂಳಿನ ಸೌಲಭ್ಯ ಇರಲಿಲ್ಲ. ಮೇಸ್ತ್ರಿ ತನ್ನ ಪೊಟ್ಟಣವನ್ನೇ ಅವರ ಕೈಗಿಟ್ಟ.

“ಮನೇಲಿ ಏನಾದ್ರೂ ತೊಂದ್ರೆನಾ ಸಾರ್?”

“ಛೆ ಛೆ, ಏನಿಲ್ಲಪ್ಪ. ಧೂಳು.”

ಮೇಲೆ ನಾಲ್ಕೂ ಫ್ಯಾನು ಭರ್ರೆಂದು ತಿರುಗುತ್ತಿದ್ದವು.

“ಈ ವರ್ಷ ಸ್ವಲ್ಪ ಜಾಸ್ತಿನೇ ಬಿಡಿ ಸಾರ್,” ಎಂದು ಮೇಸ್ತ್ರಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ.