ಕಸ್ತೂರಿಗೊಂದು ಬಿಸಿ ರೊಟ್ಟಿ

ಅಥಣಿಯಲ್ಲಿ ಎಲ್ಲಿ ಉಣ್ಣಬೇಕು ಎಂಬ ಗಹನವಾದ ವಿಷಯದಲ್ಲಿ ನನ್ನನ್ನು ಮೀರಿಸುವ ಪಂಡಿತ ಎಂಬತ್ತರ ದಶಕದಲ್ಲಿ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಸ್ವತಃ ನಾನೇ ಹೇಳುತ್ತಿದ್ದೆ. ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ!

ಕಾಲೇಜಿನಲ್ಲಿ ನಾನು ಕಲಿಸುತ್ತಿದ್ದುದು ಅರ್ಥಶಾಸ್ತ್ರ. ಆದರೆ ಯಾರೂ ನನ್ನನ್ನು ಅರ್ಥಶಾಸ್ತ್ರಕ್ಕಾಗಿ ಹುಡುಕಿಕೊಂಡು ಬಂದವರಲ್ಲ. ಬೇಡಕಿಹಾಳದಿಂದ ಒಬ್ಬನೇ ನೌಕರಿಗೆ ಬಂದು, ಮದುವೆಯಾಗುವವರೆಗೆ ಊರಿನ ಎಲ್ಲ ಖಾನಾವಳಿಗಳ ಬೆಂಚು ಸವೆಸಿದವನು ನಾನು. ಮುಂಜಾನೆ ಮಿಸಳಕ್ಕೆ ಬಸ್ ಸ್ಟ್ಯಾಂಡಿನ ಎದುರು, ಸಂಜೆ ಭಜಿಗೆ ಟಾಕೀಜಿನ ಬಾಜೂ, ರೊಟ್ಟಿ ಊಟಕ್ಕೆ ಮಾತ್ರ ನಾಟಕದ ಥಿಯೇಟರಿನ ಹಿಂದಿದ್ದ ಮಾವಶಿಯ ಖಾನಾವಳಿ. ಮಾವಶಿ ಎಂದರೆ ನನ್ನ ಚಿಕ್ಕಮ್ಮನಲ್ಲ, ಇಡೀ ಊರೇ ಆಕೆಯನ್ನು ಹಾಗೆ ಕರೆಯುತ್ತಿತ್ತು. ಕೇಳಿದವರಿಗೂ ಕೇಳದವರಿಗೂ ನಾನು ಈ ಜ್ಞಾನವನ್ನು ಧಾರಾಳವಾಗಿ ಹಂಚುತ್ತಿದ್ದೆ.

ಒಂದು ಸಂಜೆ ಮೈಸೂರು ಕಡೆಯಿಂದ ಹೊಸದಾಗಿ ಬಂದ ಕೆಮಿಸ್ಟ್ರಿ ಅಧ್ಯಾಪಕರಿಗೆ ಹೀಗೆ ದಾರಿ ತೋರಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ನನ್ನ ಹೆಂಡತಿ ಕಸ್ತೂರಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕಾಲೇಜು ಓದಲೆಂದು ನಮ್ಮೊಡನಿದ್ದ ನನ್ನ ಇಬ್ಬರು ತಮ್ಮಂದಿರು ತಾಟು ಹಿಡಿದು ಕುಳಿತಿದ್ದರು. ಅವ್ವ ಆಗಲೇ ಉಂಡಿದ್ದಳು. ನಾನೂ ಕುಳಿತು, ನನ್ನ ಸಾಧನೆಯನ್ನು ವರ್ಣಿಸಿದೆ.

ಕಸ್ತೂರಿ ತಲೆ ಎತ್ತದೆ ಹೇಳಿದಳು: "ಊರ ಮಂದಿಗೆಲ್ಲಾ ಹೇಳ್ತೀರಿ. ನನಗೂ ಒಂದ ಜಾಗಾ ಹೇಳ್ರಲಾ."

"ನಿನಗ್ಯಾಕ ಬೇ? ನಿನ್ನ ರೊಟ್ಟಿ ಮುಂದ ಖಾನಾವಳಿ ಯಾವ ಲೆಕ್ಕ?"

ನಾನು ನಿಜಕ್ಕೂ ಹೊಗಳಿದ್ದೆ ಎಂದುಕೊಂಡಿದ್ದೆ!

"ಅದಕ್ಕಲ್ರಿ. ನಾ ಸುಮ್ಮ ಕುಂತಿರಬೇಕು. ಬ್ಯಾರೆ ಯಾರರ ಬಡೀಬೇಕು. ಹಂಚಿನ್ಯಾಗಿನ ಬಿಸಿ ರೊಟ್ಟಿ ಸೀದಾ ನನ್ನ ತಾಟಿಗೆ ಬೀಳಬೇಕು. ಅಂಥಾ ಜಾಗಾ ಎಲ್ಲೆ ಐತಿ?"

ತಮ್ಮಂದಿರು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ನನ್ನ ತಾಟಿನಲ್ಲಿ ರೊಟ್ಟಿ ಹಬೆಯಾಡುತ್ತಿತ್ತು. ನಾವೆಲ್ಲ ಉಂಡೆದ್ದ ಮೇಲೆ, ಒಲೆ ಆರಿಸಿ, ಬುಟ್ಟಿಯಲ್ಲಿ ಉಳಿದ ತಣ್ಣನೆಯ ರೊಟ್ಟಿಯನ್ನು ಅವಳು ಉಣ್ಣುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷ ಇದು ನನ್ನ ಕಣ್ಣೆದುರೇ ನಡೆದಿತ್ತು. ಊರಿನ ಖಾನಾವಳಿಗಳನ್ನೆಲ್ಲ ಅಳೆದ ಪಂಡಿತನಿಗೆ ತನ್ನ ಮನೆಯ ಅಡುಗೆಮನೆ ಕಂಡಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

"ನಾಳೆ ಇಕಿನ್ನ ಕರಕೊಂಡ ಹೋಗೋ," ಎಂದಳು ಅವ್ವ ಒಳಗಿನಿಂದ. "ಮನ್ಯಾಗ ನಾ ಉಪ್ಪಿಟ್ಟ ಮಾಡ್ತೀನಿ." ಬಿಸಿ ರೊಟ್ಟಿಯನ್ನೇ ಉಣಿಸುತ್ತೇನೆಂದು ನಾನು ಕಸ್ತೂರಿಗೆ ಮಾತು ಕೊಟ್ಟೆ.

ಮರುದಿನ ಕಸ್ತೂರಿ ತವರಿನ ಇಳಕಲ್ ಸೀರೆ ಉಟ್ಟಳು. ನಾನು ಕಿರ್ರೆನ್ನುವ ಹೊಸ ಚಪ್ಪಲಿ ಮೆಟ್ಟಿದೆ. ಮೊದಲ ಸಲ ಹೆಂಡತಿಯನ್ನು ಹೊರಗೆ ಉಣಿಸುವಾಗ ಖಾನಾವಳಿಯ ಬೆಂಚು ಸರಿಯಲ್ಲ, ಪರದೆ ಇರುವ ಫ್ಯಾಮಿಲಿ ರೂಮೇ ಆಗಬೇಕು ಎಂದು ತೀರ್ಮಾನಿಸಿ ಪ್ಯಾಟಿಯ ದೊಡ್ಡ ಹೋಟೆಲ್ಲಿಗೆ ಕರೆದೊಯ್ದೆ. "ಬಾ ಕಸ್ತೂರಿ," ಎಂದು ಮಹಾರಾಜನಂತೆ ಪರದೆ ಸರಿಸಿದೆ.

ಒಳಗೆ ಒಬ್ಬ ಹುಡುಗ ಮಂಡಿಯೂರಿ ಕುಳಿತಿದ್ದ. ಇನ್ನೊಬ್ಬ ಹುಡುಗನ ಕೈ ಹಿಡಿದು, "ಪ್ರಿಯೇ! ನಿನ್ನ ಹೊರತು ನನಗೆ ಈ ಜಗತ್ತಿನಲ್ಲಿ ಯಾರಿದ್ದಾರೆ!" ಎಂದು ಕಣ್ಣೀರಿಡುತ್ತಿದ್ದ.

ಇಬ್ಬರೂ ನನ್ನ ವಿದ್ಯಾರ್ಥಿಗಳು!

"ಕಾಲೇಜ ಗ್ಯಾದರಿಂಗ ನಾಟಕ ಐತ್ರಿ ಸರ," ಎಂದ ಪ್ರಿಯೆ, ಮೀಸೆ ಒರೆಸಿಕೊಳ್ಳುತ್ತ. "ಹಾಸ್ಟೆಲ್‌ನ್ಯಾಗ ಎಲ್ಲಾರೂ ನಗ್ತಾರ. ಇಲ್ಲೆ ಪಡದೆನೂ ಐತಿ, ಚಾನೂ ಸಿಗತೈತಿ."

ಅವರನ್ನು ಓಡಿಸಿ ಕುಳಿತೆವು. ಮಾಣಿ ಬಂದ. "ರೊಟ್ಟಿ ಇಲ್ರಿ ಸರ. ಪುರಿ ಐತಿ, ದ್ವಾಸಿ ಐತಿ."

"ಹೋಗ್ಲಿ ಬಿಡ್ರಿ, ದ್ವಾಸಿನ ತಿನ್ನೂಣು," ಎಂದಳು ಕಸ್ತೂರಿ. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಫ್ಯಾನಿನ ಕೆಳಗೆ, ಕೈಕಟ್ಟಿ ಕುಳಿತುಕೊಳ್ಳುವುದೇ ಅವಳಿಗೆ ಸುಖವಾಗಿತ್ತು. ಆ ಕ್ಷಣ ನಾನು ದೋಸೆ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಶುಭವಾಗಿ ಮುಗಿಯುತ್ತಿತ್ತು.

"ಸಾಧ್ಯವಿಲ್ಲ!" ಎಂದೆ. "ಮಾತು ಕೊಟ್ಟಿದ್ದು ರೊಟ್ಟಿಯ ಬಗ್ಗೆ!"

ಹೀಗೆ ಸಿಕ್ಕ ಕುರ್ಚಿಯಿಂದ ಅವಳನ್ನು ಎಬ್ಬಿಸಿ ಮಾವಶಿಯ ಖಾನಾವಳಿಗೆ ನಡೆಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಮಾವಶಿಯ ರೊಟ್ಟಿಯ ಗುಣಗಾನ ಮಾಡಿದೆ. ಕಸ್ತೂರಿಗೆ ಹಸಿವಾಗಿತ್ತು, ಸುಮ್ಮನೆ ಹೂಂಗುಟ್ಟಿದಳು. ನನ್ನ ಚಪ್ಪಲಿ ಮಾತ್ರ ಕಿರ್ರೆನ್ನುತ್ತ ಉತ್ಸಾಹದಿಂದ ಮಾತಾಡುತ್ತಿತ್ತು.

ಖಾನಾವಳಿಯ ಮುಂದೆ ಜಾತ್ರೆಯಷ್ಟು ಜನ! ಊರಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯವರೆಲ್ಲ ಅಲ್ಲಿದ್ದರು. ಅರ್ಧ ಬಣ್ಣ ಬಳಿದುಕೊಂಡ ರಾಜ ತೊಡೆಯ ಮೇಲೆ ಕಿರೀಟ ಇಟ್ಟುಕೊಂಡು ಕುಳಿತಿದ್ದ. ಅವನ ಬಾಜೂ ನಮ್ಮ ಕೆಮಿಸ್ಟ್ರಿಯವರು. ಹಾಸ್ಟೆಲ್ ಹುಡುಗರಂತೂ ಬಾಗಿಲಲ್ಲೇ ನಿಂತಿದ್ದರು. ಎಲ್ಲರ ಮುಂದೆ ಖಾಲಿ ತಾಟು.

"ಮಾಸ್ತರ್ರ ಬಂದ್ರು!" ಎಂದು ಕಂಪನಿಯ ಮ್ಯಾನೇಜರ್ ಎದ್ದು ನಿಂತ. "ನೀವ ಹೇಳಿದ್ರೆಲಾ, ಉಂಡರ ಇಲ್ಲೇ ಉಣ್ಣಬೇಕಂತ. ಇಡೀ ಕಂಪನಿ ಕರಕೊಂಡ ಬಂದೀನಿ!"

ಕೆಮಿಸ್ಟ್ರಿಯವರು ನನ್ನನ್ನು ನೋಡಿ, "ನೀವು ಹೇಳಿದಿರಿ ಅಂತಲೇ ನಾನೂ ಬಂದೆ ಸಾರ್. ಬಂದು ಬಹಳ ಹೊತ್ತಾಯಿತು," ಎಂದು ಸಣ್ಣಗೆ ನಕ್ಕರು.

ಒಳಗೆ ಇಣುಕಿದರೆ ಒಲೆ ಉರಿಯುತ್ತಿದೆ, ಹಂಚು ಕಾಯುತ್ತಿದೆ, ಬಡಿಯುವ ಸಪ್ಪಳವೇ ಇಲ್ಲ. ಮಾವಶಿ ಬಲಗೈ ಮುಂಗೈಗೆ ಅರಿಶಿಣದ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು.

"ಅರೇ ದೇವಾ! ಮಾಸ್ತರಾ, ಎಷ್ಟ ಮಂದಿಗೆ ಹೇಳ್ಯೋ ನೀ?" ಎಂದಳು. "ಮುಂಜಾನಿಂದ ಬಡದ ಬಡದ ಮುಂಗೈ ಉಳಕೇತಿ. ಇವ್ರು ಉಪಾಸ ಹೋಗಿ ಕುಣ್ಯಾವ್ರು ಹೆಂಗ?"

ಈಗ ಬುದ್ಧಿಯಿದ್ದವನು ಏನು ಮಾಡುತ್ತಿದ್ದ? ಸಂತಾಪ ಸೂಚಿಸಿ, ಹೆಂಡತಿಯನ್ನು ಕರೆದುಕೊಂಡು ಹೊರಡುತ್ತಿದ್ದ. ನಾನು ಮಾವಶಿಗೆ ಸಮಾಧಾನ ಹೇಳಲು ಹೋಗಿ ಗಟ್ಟಿಯಾಗಿ ಅಂದುಬಿಟ್ಟೆ: "ನಮ್ಮ ಮನಿಯಾಕಿ ತೆಲಸಂಗದಾಕಿ ಅದಾಳ ಮಾವಶಿ. ಇಕಿ ರೊಟ್ಟಿ ಬಡದ್ಲಂದ್ರ ಕಾಗದದ ಹಾಳಿ ಹಂಗ ತೆಳ್ಳಗ ಬರತೈತಿ!"

ಇಡೀ ಖಾನಾವಳಿ ಕಸ್ತೂರಿಯತ್ತ ತಿರುಗಿತು. ಕಸ್ತೂರಿ ನನ್ನತ್ತ ತಿರುಗಿದಳು. ಆ ನೋಟವನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ, ಅದನ್ನು ತಡೆದುಕೊಳ್ಳುವ ಶಕ್ತಿ ಅಂದು ನನಗೂ ಇರಲಿಲ್ಲ. ಅವಳು ಮಾವಶಿಯ ಕೈ ನೋಡಿದಳು. ಹಸಿದು ಕುಳಿತ ರಾಜನನ್ನು ನೋಡಿದಳು. ಒಂದು ನಿಟ್ಟುಸಿರು ಬಿಟ್ಟು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೆ ಹೋಗಿ ಕುಳಿತಳು. ಒಂದು ದಿನ ಒಲೆಯಿಂದ ಬಿಡಿಸುತ್ತೇನೆಂದು ಕರೆತಂದು, ಊರೊಟ್ಟಿನ ಒಲೆಗೆ ಕೂರಿಸಿದ್ದೆ!

ಪ್ರಾಯಶ್ಚಿತ್ತಕ್ಕೆಂದು ನಾನೂ ಒಳಗೆ ಹೋಗಿ ಪರಾತದಲ್ಲಿ ಹಿಟ್ಟು ಸುರಿದು ನೀರು ಹಾಕಿ ನಾದಿದೆ. ಹಿಟ್ಟು ಬಿರಿದು ಉದುರತೊಡಗಿತು.

"ಬಿಸಿನೀರ ಹಾಕಬೇಕ್ರಿ!" ಎಂದಳು ಕಸ್ತೂರಿ. "ನಾಕ ವರ್ಸ ಎದುರಿಗೆ ಕುಂತ ಏನ ನೋಡ್ತಿದ್ರಿ?"

"ತಾಟ ನೋಡ್ತಿದ್ದೆ," ಎಂದೆ. ಅದು ನಿಜವೇ ಆಗಿತ್ತು.

ಬಿಸಿನೀರು ತರಲು ಹೋಗಿ ಬೆರಳು ಸುಟ್ಟುಕೊಂಡೆ. ಒಲೆಗೆ ಕಟ್ಟಿಗೆ ತುರುಕಿ ಹೊಗೆ ಎಬ್ಬಿಸಿದೆ. ಹೊಗೆಯಿಂದ ರಾಜನ ಕಣ್ಣಿನ ಕಾಡಿಗೆ ಗಲ್ಲಕ್ಕೆ ಇಳಿಯಿತು. ಕಡೆಗೆ ರಾಜನೇ ಎದ್ದು, ಕಿರೀಟ ತಲೆಗಿಟ್ಟುಕೊಂಡು ರೊಟ್ಟಿ ಹಂಚಲು ನಿಂತ. ಅವನು ನನಗೆ ಒಪ್ಪಿಸಿದ ಕೆಲಸ ನೀರು ಕೊಡುವುದು. ಅದೊಂದನ್ನು ಮಾತ್ರ ಚೆಲ್ಲದೆ ಮಾಡಿದೆ.

ಕಸ್ತೂರಿಯ ಕೈಯಲ್ಲಿ ರೊಟ್ಟಿ ಗರಗರ ತಿರುಗುತ್ತಿತ್ತು. ಹಂಚಿನಿಂದ ಕೆಂಡಕ್ಕೆ, ಕೆಂಡದಿಂದ ಉಬ್ಬಿ ಬುಟ್ಟಿಗೆ. ಹೊರಗೆ ಮಾತು ನಿಂತು, ಬರೀ ಉಣ್ಣುವ ಸಪ್ಪಳ ಉಳಿಯಿತು. ಊಟ ಮುಗಿದ ಮೇಲೆ ರಾಣಿಯ ಪಾತ್ರದ ಹಿರಿಯ ಕಲಾವಿದೆ ಒಳಗೆ ಬಂದು, ಹಿಟ್ಟು ಮೆತ್ತಿದ ಕಸ್ತೂರಿಯ ಎರಡೂ ಕೈ ಹಿಡಿದುಕೊಂಡಳು.

"ಊರೂರ ತಿರಗಿ ಉಣ್ಣಾವ್ರ ನಾವು ತಂಗಿ. ಇಂಥಾ ರೊಟ್ಟಿ ನಮ್ಮವ್ವ ಹೋದ ಮ್ಯಾಲೆ ಇವತ್ತ ಉಂಡೆ."

ಕಸ್ತೂರಿ ತಲೆ ತಗ್ಗಿಸಿದಳು. ಅವಳ ಮುಖ ಕೆಂಪಾಯಿತು. ನಾಲ್ಕು ವರ್ಷದಲ್ಲಿ ಅಷ್ಟು ರೊಟ್ಟಿ ಉಂಡ ನಾನು ಇಂಥ ಒಂದು ಮಾತು ಅವಳಿಗೆ ಹೇಳಿರಲಿಲ್ಲ. ಊರಿಗೆಲ್ಲ ಸಾರಿದ್ದೆ, ಅವಳಿಗೆ ಹೇಳಿರಲಿಲ್ಲ.

ಎಲ್ಲರೂ ಹೋದರು. ಪರಾತದಲ್ಲಿ ಒಂದೇ ಒಂದು ಉಂಡೆ ಹಿಟ್ಟು ಉಳಿದಿತ್ತು. ಕಸ್ತೂರಿ ಅದಕ್ಕೆ ಕೈ ಹಾಕಿದಳು.

"ಏಳ," ಎಂದೆ.

"ಏನ್ರಿ?"

"ಎದ್ದ ಅಲ್ಲೆ ಮಣಿ ಮ್ಯಾಲೆ ಕುಂದರ. ಮಾತ ಕೊಟ್ಟೀನಿ."

ಮಾವಶಿ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ನಾನು ಒಲೆಯ ಮುಂದೆ ಕುಳಿತು ಬಡಿದೆ. ಒಂದು ಕಡೆ ದಪ್ಪ, ಒಂದು ಕಡೆ ತೂತು. ಎತ್ತುವಾಗ ಎರಡು ಹೋಳಾಯಿತು, ಹಂಚಿನ ಮೇಲೆ ಜೋಡಿಸಿದೆ. ಉಬ್ಬುತ್ತದೆಂದು ಕಾದೆ, ಕರಿದಾಯಿತು. ಅದನ್ನು ಹಂಚಿನಿಂದ ಸೀದಾ ಅವಳ ತಾಟಿಗೆ ಹಾಕಿದೆ. ಬದಿಗೆ ಝುಣಕ, ಗುರೆಳ್ಳಿನ ಚಟ್ನಿಪುಡಿ, ಒಂದಿಷ್ಟು ಮೊಸರು.

ಕಸ್ತೂರಿ ಮೊದಲ ತುತ್ತು ಮುರಿದಾಗ ಹಬೆ ಎದ್ದಿತು. ಅವಳು ಬೆರಳಿಗೆ ಉಫ್ ಎಂದು ಊದುತ್ತ ನಕ್ಕಳು. ಝುಣಕ ಹಚ್ಚಿಕೊಂಡು ಉಂಡಳು. ಕರಕಲನ್ನೂ ಬಿಡಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯಿರಬೇಕು ಎಂದುಕೊಂಡೆ. ನನ್ನ ಕಣ್ಣಲ್ಲೂ ಇತ್ತು.

ಮನೆಗೆ ಹೊರಟಾಗ ಥಿಯೇಟರಿನಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿಯುತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ ಧೈರ್ಯ ಮಾಡಿ ಕೇಳಿದೆ: "ಹೆಂಗಿತ್ತ ಊಟ?"

ಕಸ್ತೂರಿ ಸೆರಗಿಗೆ ಅಂಟಿದ್ದ ಹಿಟ್ಟು ಕೊಡವಿದಳು.

"ಖರೇ ಹೇಳ್ಲಿ? ಜಾಗಾ ಛಲೋ ಐತ್ರಿ. ಅಡಗಿ ಮಾಡಾಂವನ್ನ ಬದಲ ಮಾಡಬೇಕು."

ಬದಲು ಮಾಡಲಿಲ್ಲ. ಇಂದಿಗೂ ರವಿವಾರ ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನೇ. ಮೊದಲನೆಯದು ಬಿಸಿಬಿಸಿಯಾಗಿ ಕಸ್ತೂರಿಯ ತಾಟಿಗೆ ಹೋಗುತ್ತದೆ. ಉಳಿದವುಗಳನ್ನು ಯಾರೂ ಕೇಳುವುದಿಲ್ಲ!