ಬೇಲಿಗೆ ಉಣಿಸಿದ ವರ್ಷ

ಗಿಡ ಸಾಕುವವರಿಗೆ ಗಿಡಗಳಿಂದ ಆಗುವ ತೊಂದರೆ ಕಡಿಮೆ. ಗಿಡಕ್ಕೆ ಒಳ್ಳೆಯದು ಮಾಡಬೇಕೆಂದು ಹೊರಟ ಮಂದಿಯಿಂದಲೇ ನನಗೆ ಇಷ್ಟು ವರ್ಷ ನೆಮ್ಮದಿ ಇಲ್ಲ. ಇನ್ನು ಮುಂದೆ ಸಿಗುವ ಲಕ್ಷಣವೂ ಕಾಣುವುದಿಲ್ಲ.

ಕಮಲಾಪುರದಲ್ಲಿ ನನ್ನದೊಂದು ನರ್ಸರಿ ಇದೆ. ಶಾಲೆಯ ಮುಖ ನೋಡದ ನಾನು ಗೊಬ್ಬರದ ಚೀಲಗಳ ಮೇಲಿನ ಅಕ್ಷರ ಕೂಡಿಸಿ ಓದು ಕಲಿತವಳು. ನರ್ಸರಿಯ ಬೋರ್ಡನ್ನೂ ನಾನೇ ಬರೆದೆ. ಎರಡು ಮಳೆಗಾಲದ ಹಿಂದೆ ಕಲಬುರಗಿಯ ಒಂದು ಬಡಾವಣೆಯ ಉದ್ಯಾನದ ಸುತ್ತ ಮಧುಕಾಮಿನಿ ಗಿಡದ ಬೇಲಿ ಹಾಕಿಕೊಟ್ಟೆ. ವರ್ಷವಿಡೀ ಹಸಿರಾಗಿರುವ ಗಿಡ ಅದು. ಸರಿಯಾಗಿ ಉಣಿಸಿ, ತಲೆ ಕತ್ತರಿಸುತ್ತ ಬಂದರೆ ಗೋಡೆಯ ಹಾಗೆ ಕೂಡಿಕೊಳ್ಳುತ್ತದೆ. ಇದು ಕೂಡಿಕೊಳ್ಳಲಿಲ್ಲ. ಹೋದ ಬೇಸಿಗೆಯಲ್ಲಿ ಬಡಾವಣೆಯ ಸಂಘದ ಅಧ್ಯಕ್ಷರು ನನ್ನನ್ನು ಕರೆಸಿದರು. ಬೇಲಿಯ ಈಚೆ ನಿಂತು, ಆಚೆ ಮಲಗಿದ್ದ ನಾಯಿಯ ಕಡೆ ಕೈ ಮಾಡಿದರು.

"ಕಾಣ್ತದೇನ್ರಿ?"

"ಕಾಣ್ತದ್ರಿ."

"ಯಾವ ಬಣ್ಣ?"

"ಕೆಂಪು."

"ಬೇಲಿ ಅಂದಮ್ಯಾಲೆ ನಾಯಿ ಬಣ್ಣ ಕಾಣಬಾರದ್ರಿ ಅಕ್ಕಾರ. ದೀಪಾವಳಿ ತನಕ ನೋಡ್ತೀವಿ. ಇಲ್ಲಾಂದ್ರ ಎಲ್ಲಾ ಕಿತ್ತು ತಗಡು ಹೊಡಸ್ತೀವಿ."

ಸುತ್ತ ಸಂಘದವರೆಲ್ಲ ನಿಂತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ದೀಪಾವಳಿಗೆ ಬೇಲಿ ದಟ್ಟ ಆಗದಿದ್ರ ನನ್ನ ನರ್ಸರಿ ಬೋರ್ಡ್ ನಾನೇ ಇಳಸ್ತೀನಿ" ಎಂದುಬಿಟ್ಟೆ.

ಅಧ್ಯಕ್ಷರು ಸ್ವಲ್ಪ ಯೋಚಿಸಿದರು. "ತಗಡಿನ ಬೋರ್ಡ್ ಏನ್ರಿ?"

"ಹೌದ್ರಿ."

"ಹಂಗಾದ್ರ ಇಳಸಿ ಇಲ್ಲೇ ತಂದು ಕೊಡ್ರಿ. ಬೇಲಿಗೆ ಬರ್ತದ."

ಪಂಕ್ತಿ

ಸುಡುಬೇಸಿಗೆಯಲ್ಲಿ ಯೂರಿಯಾ ಹಾಕಿಸುವವಳು ನಾನಲ್ಲ. ಆದರೆ ಗಡುವು ಕೊಟ್ಟ ಮೇಲೆ ನನ್ನ ಬುದ್ಧಿಯೂ ನೆಟ್ಟಗಿರಲಿಲ್ಲ. ಉದ್ಯಾನ ನೋಡಿಕೊಳ್ಳುತ್ತಿದ್ದ ನಿವೃತ್ತ ಮಾಸ್ತರರ ಕೈಗೆ ಸಣ್ಣದೊಂದು ಚೀಲ ಕೊಟ್ಟು ಹೇಳಿದೆ. ಹತ್ತು ಗಿಡಕ್ಕೆ ಒಂದು ಮುಷ್ಟಿ. ಬುಡಕ್ಕೆ ತಾಗಿಸದೆ ಒಂದು ಗೇಣು ದೂರ. ಆ ಬಡಾವಣೆಗೆ ನಳ ಬರುವುದು ಐದು ದಿನಕ್ಕೊಮ್ಮೆ, ನಳ ಬಂದ ದಿನವೇ ಹಾಕಿ ಮೇಲೆ ನೀರು ಬಿಡಬೇಕು. ಮಾಸ್ತರರು ಮೂರನ್ನೂ ಬೆರಳು ಮಡಚಿ ನನಗೇ ಒಪ್ಪಿಸಿದರು.

ವಾರ ಬಿಟ್ಟು ಹೋದರೆ ಬೇಲಿಯ ಎಲೆಗಳು ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗಿದ್ದವು. ಪ್ರತಿ ಗಿಡದ ಬುಡದಲ್ಲೂ ಬೆಳ್ಳನೆಯ ಒಂದೊಂದು ಗುಡ್ಡೆ.

"ಮಾಸ್ತರ್, ಹತ್ತು ಗಿಡಕ್ಕ ಒಂದು ಮುಷ್ಟಿ ಅಂದಿದ್ದೆ."

"ಅಂದಿದ್ರಿ. ಆದ್ರ ಸಾಲಾಗಿ ಕುಂತ ಹತ್ತು ಮಂದಿಗೆ ಒಂದು ಮುಷ್ಟಿ ಬಡಸೂದು ನನ್ನ ಕೈಲೆ ಆಗಲಿಲ್ಲ. ನಮ್ಮ ಮನ್ಯಾಗ ಪಂಕ್ತಿಭೇದ ಇಲ್ರಿ. ಎಲ್ಲಾರಿಗೂ ಒಂದೊಂದು ಮುಷ್ಟಿ ಹಾಕೀನಿ."

"ಒಂದು ಗೇಣು ದೂರ ಅಂದಿದ್ದೆ."

"ಉಣ್ಣಾಕ ಕುಂತವರಿಗೆ ದೂರ ಬಡಸ್ತಾರೇನ್ರಿ?"

"ನೀರು?"

"ಅವತ್ತ ನಳ ಬರಲಿಲ್ಲ, ಇನ್ನೂ ಬಂದಿಲ್ಲ."

"ಬರದಿದ್ರ ಯಾಕ ಹಾಕಿದ್ರಿ?"

"ಬರ್ತದಂತ ಹಾಕೀನಿ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮಾಸ್ತರರಿಗೂ ಬೇಸರವಾಗಿತ್ತು. ಒಂದು ಸುಟ್ಟ ಎಲೆ ಕಿತ್ತು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು, "ಹೆಚ್ಚು ಬಡಸಿದ್ದು ನಂದೇ ತಪ್ಪು, ಒಪ್ಪಿದೆ. ಆದ್ರ ಸಾಕು ಅಂತ ಅವರೇ ಅನ್ನಬೇಕಿತ್ತಲ್ಲ?"

ತಾಕತ್ತು

ಟ್ಯಾಂಕರ್ ತರಿಸಿ ಎರಡು ದಿನ ನೀರು ಹರಿಸಿ ಆ ಮಣ್ಣು ತೊಳೆದೆ. ಬೇರು ಉಳಿದವು, ಅರ್ಧದಷ್ಟು ಎಲೆ ಉದುರಿದವು. ನಾಯಿ ಈಗ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನು ಚೀಲದ ಗೊಬ್ಬರ ಬೇಡ ಎಂದುಕೊಂಡೆ. ಸೋಸಿ ಬಿಟ್ಟ ಚಹಾಪುಡಿ ಗಿಡಕ್ಕೆ ಒಳ್ಳೆಯದೆಂದು ಪತ್ರಿಕೆಯಲ್ಲಿ ಓದಿದ್ದು ನೆನಪಿತ್ತು. ಕೋಟೆ ಹತ್ತಿರದ ಒಂದು ಚಹಾ ಹೋಟೆಲಿಗೆ ಹೋದೆ. ಮಾಲೀಕರು ಮುದುಕರು, ಎಲ್ಲರಿಗೂ ಚಾಚಾ.

"ಚಾಚಾ, ಸೋಸಿದ ಚಹಾಪುಡಿ ಎಲ್ಲಿ ಚೆಲ್ತೀರಿ?"

"ಯಾಕ ಬೇಟಿ?"

"ನನಗ ಕೊಡ್ರಿ. ಗಿಡಕ್ಕ ಹಾಕ್ತೀನಿ. ಅದರಾಗ ಭಾಳ ತಾಕತ್ತು ಇರ್ತದಂತ."

ಚಾಚಾ ಸುತ್ತ ಕೂತ ಗಿರಾಕಿಗಳನ್ನು ನೋಡಿ ದನಿ ಇಳಿಸಿದರು. "ಬೇಟಿ, ಮುಂಜಾನೆ ಹಾಕಿದ ಪುಡಿ ಸಂಜೀತನಕ ಕುದಸ್ತೀನಿ. ಅದರಾಗ ತಾಕತ್ತು ಉಳದಿದ್ರ ಚೆಲ್ತಿದ್ನೇನು? ಮತ್ತೊಂದು ಸಲ ಕುದಸ್ತಿದ್ದೆ."

ಬರಿಗೈಲಿ ಕಳಿಸಬಾರದೆಂದು ಒಂದು ಕಪ್ ಚಹಾ ಕೊಟ್ಟರು. ಕುಡಿದ ಮೇಲೆ, ಚಾಚಾ ಸುಳ್ಳು ಹೇಳುವ ಮನುಷ್ಯನಲ್ಲ ಎಂದು ಖಾತ್ರಿಯಾಯಿತು.

ಬಾಳೆಯವನ ಪ್ರಶ್ನೆ

ಉಳಿದದ್ದು ಹಳೆಯ ದಾರಿ, ಚೆನ್ನಾಗಿ ಕೊಳೆತ ಕುರಿಗೊಬ್ಬರ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಒಬ್ಬ ರೈತನ ಹೊಲದ ಮೂಲೆಯಲ್ಲಿ ಎರಡು ವರ್ಷದ ಗುಡ್ಡೆ ಇತ್ತು. ಅದರ ಮೇಲೆ ನನಗೆ ಬಹಳ ದಿನದಿಂದ ಕಣ್ಣು. ಆತ ತನ್ನ ಬಾಳೆಗೇ ಅಳೆದು ಹಾಕುವವನು, ನನಗೆ ಸುಲಭವಾಗಿ ಕೊಡುವವನಲ್ಲ.

"ಯಾವ ಬೆಳಿಗೆ ಅಕ್ಕಾ?"

"ಬೆಳಿ ಅಲ್ಲಪ್ಪ, ಬೇಲಿ ಗಿಡಕ್ಕ."

"ಹಣ್ಣು ಬಿಡ್ತಾವೇನು?"

"ತಿನ್ನೂವಂಥಾವು ಇಲ್ಲ."

"ಕಟ್ಟಿಗಿ?"

"ಇಲ್ಲ."

"ಮತ್ತ ಗೊಬ್ಬರ ಯಾಕ?"

"ದಟ್ಟ ಬೆಳೀಲಿ ಅಂತ."

"ಬೆಳದ ಮ್ಯಾಲೆ?"

"ಕತ್ತರಸ್ತೀವಿ."

"ಕತ್ತರಸಿ?"

"ಮತ್ತ ಗೊಬ್ಬರ ಹಾಕ್ತೀವಿ."

"ಯಾಕ?"

"ಮತ್ತ ಬೆಳೀಲಿ ಅಂತ."

ಆತ ಗುಡ್ಡೆಯ ಮೇಲೆ ಹೊದಿಸಿದ್ದ ತಾಡಪತ್ರಿ ಸರಿಸಿದ. ಆಮೇಲೆ ನಿಂತು ನನ್ನನ್ನು ಬಹಳ ಹೊತ್ತು ನೋಡಿದ. "ಒಯ್ಯಿ ಅಕ್ಕಾ, ಬೇಕಾದಷ್ಟು ಒಯ್ಯಿ" ಎಂದು ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ, "ಅಕ್ಕಗ ನೆರಳಿಗೆ ಕುರ್ಚಿ ಹಾಕು, ನೀರು ಕೊಡು. ಬಿಸಲು ಹತ್ತೇದ ಆಕಿಗೆ."

ತುಳಿಯಬಾರದ್ದು

ಮೊದಲ ಮಳೆ ಬಿದ್ದ ಕೂಡಲೇ ಗಿಡಗಳ ತಲೆ ಕತ್ತರಿಸಿದೆ. ಒಂದು ಗೇಣು ದೂರಕ್ಕೆ ಉದ್ದ ಕಾಲುವೆ ತೆಗೆದು ನನ್ನ ಕೈಯಾರೆ ಕುರಿಗೊಬ್ಬರ ತುಂಬಿ ಮಣ್ಣು ಮುಚ್ಚಿದೆ. ಮಾಸ್ತರರನ್ನು ಹತ್ತಿರ ಬಿಡಲಿಲ್ಲ. ಹದಿನೈದು ದಿನಕ್ಕೆ ಒಂದೊಂದು ಕತ್ತರಿಸಿದ ತುದಿಯಿಂದ ನಾಲ್ಕು ನಾಲ್ಕು ಚಿಗುರು ಒಡೆದವು. ನಾನು ಬಸ್ಸಿನಲ್ಲಿ ಕಮಲಾಪುರಕ್ಕೆ ವಾಪಸ್ಸು ಹೋಗುವಾಗ ಒಬ್ಬಳೇ ನಕ್ಕಿದ್ದು ಆ ವರ್ಷದಲ್ಲಿ ಅದೊಂದೇ ಸಲ.

ಶ್ರಾವಣ ಬಂತು. ಎಲ್ಲ ಕಡೆ ಬೇಲಿ ಏರುತ್ತಿದ್ದರೆ ಮೂಲೆಮನೆಯ ಎದುರಿನ ಏಳು ಗಿಡ ಮಾತ್ರ ಹಳದಿಯಾದವು. ಬುಡದಲ್ಲಿ ಇರುವೆ, ಹುಳಿ ವಾಸನೆ. ಒಂದು ಶನಿವಾರ ಬೆಳಿಗ್ಗೆಯೇ ಹೋಗಿ ಕಾದು ನಿಂತೆ. ಮೂಲೆಮನೆಯ ವಯಸ್ಸಾದ ಆಯಿ ಮಡಿಸೀರೆಯಲ್ಲಿ ಬೆಳ್ಳಿ ಪಾತ್ರೆ ಹಿಡಿದು ಬಂದು ಏಳೂ ಗಿಡಕ್ಕೆ ಭಕ್ತಿಯಿಂದ ಎರೆದರು. ಅವರ ಹಿಂದೆ ಇನ್ನೂ ನಾಲ್ಕು ಮನೆಯ ಹೆಣ್ಣುಮಕ್ಕಳು ಪಾತ್ರೆ ಹಿಡಿದು ನಿಂತಿದ್ದರು.

"ಆಯಿ, ಏನಿದು?"

"ಅಭಿಷೇಕದ ಪಂಚಾಮೃತ ಅವ್ವಾ. ಹಾಲು, ಮೊಸರು, ತುಪ್ಪ, ಜೇನ, ಸಕ್ರಿ. ಮಂದಿ ತುಳಿಯೂ ಜಾಗಾದಾಗ ಚೆಲ್ಲಬಾರದು. ನಿನ್ನ ಬೇಲಿ ಬುಡಕ್ಕ ಯಾರೂ ಕಾಲಿಡಂಗಿಲ್ಲ. ಪುಣ್ಯಾ ಬರ್ಲಿ ನಿನಗ."

"ಇರುವಿ ಮುತ್ಯಾವ್ರಿ. ಬೇರು ಕೊಳ್ಯಾಕತ್ಯಾವ."

"ದೇವರ ಮೈಮ್ಯಾಲಿಂದ ಇಳದದ್ದು ಬೇರು ಕೊಳಸ್ತದ, ನೀ ತಂದ ಕುರಿ ಹಿಕ್ಕಿ ಬೆಳಸ್ತದ, ಹೌದಲ್ಲ?"

ದನಿ ಮೆತ್ತಗೆ ಮಾಡಿ ಕೇಳಿದೆ, "ಆಯಿ, ನಿಮ್ಮ ಅಂಗಳದಾಗ ಅಷ್ಟು ದೊಡ್ಡ ತುಳಸಿ ಅದ. ಅದಕ್ಕೇ ಹಾಕಬಹುದಲ್ರಿ? ಅದನ್ನೂ ಯಾರೂ ತುಳಿಯಂಗಿಲ್ಲ."

ಆಯಿ ಗಾಬರಿಯಾಗಿ ಪಾತ್ರೆಯನ್ನು ಎದೆಗೆ ಒತ್ತಿಕೊಂಡರು. "ಏನಂತಿ? ತುಳಸಿ ಒಣಗಿ ಹೋಗೂದಿಲ್ಲೇನು?"

ದೀಪಾವಳಿ

ಆ ಏಳು ಗಿಡ ಕಿತ್ತು, ಮಣ್ಣು ಬದಲಿಸಿ, ನರ್ಸರಿಯಲ್ಲಿ ದೊಡ್ಡ ಕುಂಡದಲ್ಲಿ ಬೆಳೆಸಿದ್ದ ಏಳು ಗಿಡ ತಂದು ನೆಟ್ಟೆ. ಆಯಿಯ ಮನೆ ಗೇಟಿನ ಪಕ್ಕ ಒಂದು ತೊಟ್ಟಿ ಇಟ್ಟು, ಪಂಚಾಮೃತ ಅದರಲ್ಲಿ ಹಾಕಿ ಹತ್ತು ಕೊಡ ನೀರು ಬೆರೆಸಿ ದೂರದ ಬೇವಿನ ಮರಕ್ಕೆ ಹಾಕುವ ಏರ್ಪಾಡು ಮಾಡಿದೆ. ಎರಡನೆಯ ಸಲ ತಲೆ ಕತ್ತರಿಸಿದೆ, ಎರಡನೆಯ ಸಲ ಉಣಿಸಿದೆ. ದಸರಾ ಮುಗಿಯುವ ಹೊತ್ತಿಗೆ ಬೇಲಿ ನನ್ನ ಭುಜದೆತ್ತರಕ್ಕೆ, ಬುಡದಿಂದ ತುದಿಯವರೆಗೆ ಒಂದೇ ಹಸಿರು.

ದೀಪಾವಳಿಯ ಹಿಂದಿನ ದಿನ ಸಂಘದವರೆಲ್ಲ ಬಂದರು. ಅಧ್ಯಕ್ಷರು ಬಗ್ಗಿ ನೋಡಿದರು, ಕೂತು ನೋಡಿದರು, ಬೇಲಿಯೊಳಗೆ ಕೈ ತೂರಿಸಲು ಹೋಗಿ ಮೊಣಕೈಗೆ ಗೀರಿಸಿಕೊಂಡರು. "ಒಪ್ಪಿದೆ ಅಕ್ಕಾರ" ಎಂದರು. ತಗಡಿನ ಮಾತು ಬಿದ್ದುಹೋಯಿತು. ಬೋರ್ಡ್ ಉಳಿಯಿತು. ಆ ರಾತ್ರಿ ನಾನು ಉಂಡು ಮಲಗಿದವಳು ಬಿಸಿಲೇರಿದ ಮೇಲೆ ಎದ್ದೆ.

ಹಬ್ಬ ಕಳೆದು ತಿಂಗಳಾದ ಮೇಲೆ ನೋಡಿಬರಲು ಹೋದೆ. ಬೇಲಿಯ ಉದ್ದಕ್ಕೂ, ಪ್ರತಿ ಬೆಂಚಿನ ಎದುರಿಗೆ, ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಊಟದ ತಟ್ಟೆಯಷ್ಟು ದೊಡ್ಡ ಒಂದೊಂದು ತೂತು. ಕೆಲವು ದುಂಡಗೆ, ಕೆಲವು ಚೌಕ. ಯಾರೋ ಒಬ್ಬರು ಕಿಟಕಿಗೆ ಇರುವ ಹಾಗೆ ನಡುವೆ ಒಂದು ಟೊಂಗೆಯನ್ನು ಅಡ್ಡ ಉಳಿಸಿದ್ದರು. ಒಂದೊಂದು ತೂತಿನ ಎದುರಿಗೂ ಒಬ್ಬೊಬ್ಬರು ಆರಾಮಾಗಿ ಕೂತು ರಸ್ತೆ ನೋಡುತ್ತಿದ್ದರು.

ಅಧ್ಯಕ್ಷರು ಎದ್ದು ಬಂದರು. ಅವರ ಕೈಯಲ್ಲೇ ಕತ್ತರಿ ಇತ್ತು.

"ಏನಾಯ್ತ್ರಿ ಇದು?" ಎಂದೆ.

"ಬೇಲಿ ಭಾಳ ಛಲೋ ಆಗ್ಯಾದ್ರಿ. ಹೊರಗಿನವರಿಗೆ ಒಳಗಿಂದು ಏನೂ ಕಾಣಂಗಿಲ್ಲ. ಆದ್ರ ನಮಗೂ ಹೊರಗಿಂದು ಏನೂ ಕಾಣವಲ್ದು. ಯಾರ ಮನೀಗೆ ಯಾರು ಬಂದ್ರು, ಯಾವಾಗ ಹೋದ್ರು, ಒಂದೂ ಗೊತ್ತಾಗವಲ್ದು. ಎಂಟು ದಿನ ತಡಕೊಂಡ್ವಿ. ಆಮ್ಯಾಲೆ ಸಭಾ ಕರದ್ವಿ."

ಖಾಲಿ ಇದ್ದ ಒಂದು ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಎದುರಿನ ತೂತಿನಿಂದಲೂ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಅಧ್ಯಕ್ಷರು ಪಕ್ಕದಲ್ಲಿ ಕೂತು, ಮುಖ್ಯ ಮಾತನ್ನು ಕೊನೆಗೆ ಉಳಿಸಿಕೊಂಡವರ ಹಾಗೆ ಗಂಟಲು ಸರಿ ಮಾಡಿಕೊಂಡರು.

"ಒಂದೇ ತ್ರಾಸ ಅದ ಅಕ್ಕಾರ. ನೀವು ಅದಕ್ಕ ಏನು ಉಣಿಸೀರೋ, ತೂತು ಮಾಡಿದಲ್ಲೆಲ್ಲಾ ಎಂಟು ದಿನಕ್ಕ ಮತ್ತ ಚಿಗುರಿ ಮುಚ್ಚಿಕೊಳ್ಳಾಕತ್ತದ. ದಿನಾ ಯಾರು ಕತ್ತರಸಬೇಕು? ತೂತಿಗೆ ಅಷ್ಟೇ ಹಾಕೂವಂಥಾ, ಚಿಗುರು ಬರದಂಥಾ ಗೊಬ್ಬರ ಯಾವುದರೆ ಇದ್ರ, ಮುಂದಿನ ಸಲ ಬರೂವಾಗ ಅದನ್ನ ತರ್ರಿ."